ಎಸೆಯುವ ಕೈ, ಬೀಸುವ ಕೈ: ಬೇಸ್‌ಬಾಲಿನ ಸವ್ಯಸಾಚಿಗಳು



ಕನ್ನಡ ಸಂಘದ ವೇದಿಕೆಯಿಂದ ಸಾಹಿತ್ಯ, ಸಂಗೀತ, ಶಾಸನಗಳನ್ನು ಕುರಿತು ಮಾತನಾಡುವುದು ವಾಡಿಕೆ. ಅಮೆರಿಕನ್ನರ ಬೇಸ್‌ಬಾಲ್ ಆಟದ ಮೇಲೆ ಕನ್ನಡದಲ್ಲಿ ಉಪನ್ಯಾಸವೇ ಎಂದು ಕೆಲವರಿಗಾದರೂ ಆಶ್ಚರ್ಯವಾಗಿರಬಹುದು. ಆದರೆ ರೆಡ್ಮಂಡ್ ಮತ್ತು ಸುತ್ತಲಿನ ಊರುಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ಕ್ರಿಕೆಟ್ಟಿನ ಲೆಕ್ಕದಲ್ಲಿಯೂ ಮಗ ಬೇಸ್‌ಬಾಲಿನ ಲೆಕ್ಕದಲ್ಲಿಯೂ ಮಾತನಾಡುವುದುಂಟು. ನಮ್ಮ ಮೇರಿಮೂರ್ ಪಾರ್ಕಿನಲ್ಲಿ ಎರಡು ಆಟಗಳಿಗೂ ಮೈದಾನವಿದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಚೆಂಡನ್ನು ಎಸೆಯುವವನೇ ದಾಂಡನ್ನೂ ಬೀಸಬಲ್ಲವನಾದರೆ ಕ್ರಿಕೆಟ್ಟಿನಲ್ಲಿ ಅವನನ್ನು ಆಲ್‌ರೌಂಡರ್ ಎಂದು ಹೊಗಳುತ್ತೇವೆ. ಅಂಥವರು ಪ್ರತಿಯೊಂದು ತಂಡದಲ್ಲಿಯೂ ಒಬ್ಬಿಬ್ಬರಿರುತ್ತಾರೆ. ಬೇಸ್‌ಬಾಲಿನಲ್ಲಿ ಮಾತ್ರ ಅಂಥವನು ನೂರು ವರ್ಷಕ್ಕೊಮ್ಮೆ ಕಾಣಿಸಿಕೊಳ್ಳುವ ಧೂಮಕೇತುವಿನಂತೆ ಏಕಾದನು?

ಎರಡೂ ಕೈಗಳಿಂದ ಬಿಲ್ಲನ್ನು ಸೆಳೆಯಬಲ್ಲವನಾದ್ದರಿಂದ ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರು ಬಂದಿತು. ಬೇಸ್‌ಬಾಲಿನ ಸವ್ಯಸಾಚಿಗಳ ಕಥೆಯನ್ನು ಸಾಮಾನ್ಯವಾಗಿ ಇಬ್ಬರ ಕಥೆಯಾಗಿ ಹೇಳುತ್ತಾರೆ: ಮೊದಲು ಬೇಬ್ ರೂತ್, ಆಮೇಲೆ ಶೋಹೆ ಒಟಾನಿ, ನಡುವೆ ಶೂನ್ಯ. ನಮ್ಮ ಅಧ್ಯಯನ ನಮಗೆ ತೋರಿಸಿದ್ದು ಬೇರೆ. ನಡುವೆ ಶೂನ್ಯವಿರಲಿಲ್ಲ. ಅಲ್ಲಿ ಅನೇಕರಿದ್ದರು, ಅವರಲ್ಲಿ ಕೆಲವರು ನಾವಿರುವ ಈ ಪ್ರದೇಶದವರೇ. ಎರಡು ವಿದ್ಯೆಗಳು ಒಂದೇ ದೇಹದಲ್ಲಿ ಇರಲಾರವೆಂದು ಹೇಳಿದ್ದು ಪ್ರಕೃತಿಯಲ್ಲ, ಆಟವನ್ನು ನಡೆಸುವವರ ವ್ಯವಸ್ಥೆ. ಈ ಮಾತನ್ನು ನಿದರ್ಶನಗಳ ಮೂಲಕ ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ಆಟದ ಸ್ವರೂಪವನ್ನು ಸ್ವಲ್ಪ ನೋಡೋಣ. ಕ್ರಿಕೆಟ್ಟಿನಲ್ಲಿ ಹನ್ನೊಂದು ಮಂದಿಗೂ ಬ್ಯಾಟಿಂಗ್ ಸರದಿ ಬರುತ್ತದೆ. ಮೈಸೂರಿನಲ್ಲಿ ಹುಟ್ಟಿದ ನಮ್ಮ ಬಿ. ಎಸ್. ಚಂದ್ರಶೇಖರ್ ಟೆಸ್ಟ್ ಪಂದ್ಯಗಳಲ್ಲಿ 242 ವಿಕೆಟ್ ಪಡೆದರು, ಗಳಿಸಿದ ರನ್ನುಗಳು 167. ವಿಕೆಟ್ಟಿಗಿಂತ ರನ್ನು ಕಡಿಮೆ! ಆದರೂ ಅವರ ಸರದಿ ಬಂದಾಗ ಅವರೇ ಬ್ಯಾಟ್ ಹಿಡಿದು ಹೋಗಬೇಕಿತ್ತು. ಮತ್ತೊಂದು ತುದಿಯಲ್ಲಿ ರೋಜರ್ ಬಿನ್ನಿ ಇದ್ದಾರೆ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಎಲ್ಲ ಬೌಲರುಗಳಿಗಿಂತ ಮುಂದಿದ್ದ ಈ ಬೆಂಗಳೂರಿಗರು, 1977-78ರ ಋತುವಿನಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಸಂಜಯ ದೇಸಾಯಿಯವರ ಜೊತೆಗೂಡಿ ಮೊದಲ ವಿಕೆಟ್ಟಿಗೆ ಮುರಿಯದ 451 ರನ್ ಸೇರಿಸಿದ್ದರು. ಆಟದ ನಿಯಮ ಯಾರಿಗೂ ವಿನಾಯಿತಿ ಕೊಡದಿದ್ದುದರಿಂದಲೇ ಚಂದ್ರಶೇಖರರೂ ಬ್ಯಾಟ್ ಹಿಡಿದರು, ಬಿನ್ನಿಯವರೂ ಬೆಳೆದರು.

ಬೇಸ್‌ಬಾಲ್ ಕೂಡ ಮೊದಲು ಹೀಗೆಯೇ ಇತ್ತು. ಕಣಕ್ಕಿಳಿಯುವ ಒಂಬತ್ತು ಮಂದಿಯಲ್ಲಿ ಒಬ್ಬನು ಪಿಚರ್, ಎಂದರೆ ನಮ್ಮ ಬೌಲರನ ಸ್ಥಾನದವನು. ಅವನಿಗೂ ಉಳಿದವರಂತೆ ದಾಂಡು ಬೀಸುವ ಸರದಿ ಬರುತ್ತಿತ್ತು. ಆದರೆ ಒಂದು ವ್ಯತ್ಯಾಸವುಂಟು. ಭುಜ ಮತ್ತು ಮೊಣಕೈಗಳ ಮೇಲೆ ಬೀಳುವ ಶ್ರಮದಿಂದಾಗಿ ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಎಸೆದ ಪಿಚರನಿಗೆ ಕೆಲವು ದಿನಗಳ ವಿಶ್ರಾಂತಿ ಬೇಕು. ಉಳಿದವರು ಪ್ರತಿದಿನವೂ ಆಡುತ್ತಾರೆ. ವೃತ್ತಿಪರ ಲೀಗುಗಳು ಶ್ರೀಮಂತವಾಗುತ್ತ ಬಂದಂತೆ ತಂಡಗಳು ಒಂದೊಂದು ಕೆಲಸಕ್ಕೂ ಒಬ್ಬೊಬ್ಬನನ್ನು ಸಾಕಬಲ್ಲವಾದವು; ಪಿಚರನು ಬ್ಯಾಟಿಂಗ್ ಅಭ್ಯಾಸದಿಂದ ದೂರವಾದನು; ಅಭ್ಯಾಸ ತಪ್ಪಿದ ಮೇಲೆ ಅವನ ಕೈಲಾಗದು ಎಂಬ ಮಾತು ಹುಟ್ಟಿತು.

ಬೇಬ್ ರೂತ್ ಈ ಬದಲಾವಣೆಯ ಸಂಧಿಕಾಲದಲ್ಲಿ ನಿಂತವನು. ಹೋಮ್ ರನ್ನುಗಳ ಸರದಾರನೆಂದು ಲೋಕವೆಲ್ಲ ಬಲ್ಲ ಈತ 1914ರಲ್ಲಿ ಬಾಸ್ಟನ್ ತಂಡಕ್ಕೆ ಬಂದದ್ದು ಎಡಗೈ ಪಿಚರನಾಗಿ. 1916ರಲ್ಲಿ 23 ಪಂದ್ಯ ಗೆದ್ದು ಅಮೆರಿಕನ್ ಲೀಗಿನ ಶ್ರೇಷ್ಠ ಪಿಚರುಗಳಲ್ಲಿ ಒಬ್ಬನೆನಿಸಿದ್ದನು. ಅವನು ದಿನವೂ ದಾಂಡು ಹಿಡಿಯುವಂತಾದದ್ದು ಯುದ್ಧದ ದೆಸೆಯಿಂದ. 1918ರಲ್ಲಿ ಅನೇಕ ಆಟಗಾರರು ಸೈನ್ಯಕ್ಕೂ ಕಾರ್ಖಾನೆಗಳಿಗೂ ಹೊರಟುಹೋಗಿ ತಂಡದಲ್ಲಿ ಜನವಿಲ್ಲದಂತಾದಾಗ ಬಾಸ್ಟನ್ನಿನವರು ರೂತನನ್ನು ಎಸೆಯದ ದಿನಗಳಲ್ಲಿಯೂ ಕಣಕ್ಕಿಳಿಸಿದರು. ಆ ವರ್ಷ ಅವನು 13 ಪಂದ್ಯಗಳನ್ನು ಗೆದ್ದು, 11 ಹೋಮ್ ರನ್ ಹೊಡೆದು ಲೀಗಿನ ಅಗ್ರಸ್ಥಾನವನ್ನು ಹಂಚಿಕೊಂಡನು. ಮರುವರ್ಷ 29 ಹೋಮ್ ರನ್. ಅದು ಅಂದಿನ ದಾಖಲೆ. ನ್ಯೂಯಾರ್ಕ್ ಯಾಂಕೀಸರು ಅವನನ್ನು ಕೊಂಡ ಮೇಲೆ ಲೆಕ್ಕ ಸರಳವಾಯಿತು. ನಾಲ್ಕು ದಿನಕ್ಕೊಮ್ಮೆ ಎಸೆಯುವವನಿಗಿಂತ ದಿನವೂ ಹೊಡೆಯುವವನನ್ನು ನೋಡಲು ಜನ ಹೆಚ್ಚು ಬರುತ್ತಾರೆ. ಯಾಂಕೀಸ್ ತಂಡದಲ್ಲಿದ್ದ ಹದಿನೈದು ವರ್ಷಗಳಲ್ಲಿ ರೂತ್ ಪಿಚರನಾಗಿ ಆಡಿದ್ದು ಐದೇ ಪಂದ್ಯ, ಐದನ್ನೂ ಗೆದ್ದನು! ಕೌಶಲ ಅವನನ್ನು ಬಿಟ್ಟುಹೋಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಮ್ಮ ನೆರೆಗೆ ಬರೋಣ. ಸಿಯಾಟಲಿನ ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಆ ಹೆಸರು ಒಬ್ಬ ಬೇಸ್‌ಬಾಲ್ ಆಟಗಾರನದೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ತಿಳಿದಿದೆ? 1919ರಲ್ಲಿ ಸಿಯಾಟಲಿನಲ್ಲಿಯೇ ಹುಟ್ಟಿ, ಇಲ್ಲಿಯ ಫ್ರಾಂಕ್ಲಿನ್ ಹೈಸ್ಕೂಲಿನಲ್ಲಿ ಓದಿದ ಫ್ರೆಡ್ ಹಚಿನ್ಸನ್ 1938ರಲ್ಲಿ ಊರಿನ ರೇನಿಯರ್ಸ್ ತಂಡವನ್ನು ಸೇರಿ, ಹತ್ತೊಂಬತ್ತು ತುಂಬುವ ವರ್ಷದಲ್ಲಿ ಪಿಚರನಾಗಿ 25 ಪಂದ್ಯಗಳನ್ನು ಗೆದ್ದನು. ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದ ದಿನ, ಕಿಕ್ಕಿರಿದ ಸಿಕ್ಸ್ ಸ್ಟೇಡಿಯಮ್ಮಿನಲ್ಲಿ, ಆ ಋತುವಿನ ಹತ್ತೊಂಬತ್ತನೆಯ ಗೆಲುವನ್ನು ಸಾಧಿಸಿದ್ದನ್ನು ಈ ನಗರ ಬಹುಕಾಲ ನೆನೆಯಿತು. ಮುಂದೆ ಡೆಟ್ರಾಯಿಟ್ ತಂಡದಲ್ಲಿ 95 ಪಂದ್ಯಗಳನ್ನು ಗೆದ್ದ ಈತ ದಾಂಡಿಗನಾಗಿಯೂ ಸೋಲಲಿಲ್ಲ. ವೃತ್ತಿಜೀವನದುದ್ದಕ್ಕೂ ಅವನ ಸರಾಸರಿ .263, ಎಂದರೆ ನೂರು ಸರದಿಗಳಲ್ಲಿ ಇಪ್ಪತ್ತಾರು ಬಾರಿಯಾದರೂ ಸುರಕ್ಷಿತವಾಗಿ ಹೊಡೆದನು. ದಿನವೂ ಆಡುವ ಎಷ್ಟೋ ದಾಂಡಿಗರಿಗೆ ಇದು ಒಪ್ಪುವ ಸರಾಸರಿ. ತಾನು ಎಸೆಯದ ದಿನ ಬೇರೊಬ್ಬನ ಬದಲಿಗೆ ದಾಂಡು ಹಿಡಿದು ಬರುವಂತೆ ತಂಡದವರು ಅವನನ್ನು ಕರೆಯುತ್ತಿದ್ದರು. ಆದರೂ ಅವನನ್ನು ಯಾರೂ ಸವ್ಯಸಾಚಿಯೆಂದು ಕರೆಯಲಿಲ್ಲ. ‘ಚೆನ್ನಾಗಿ ಹೊಡೆಯುವ ಪಿಚರ್’ ಎಂದರು, ಅಷ್ಟೆ. 1964ರಲ್ಲಿ ನಲವತ್ತೈದನೆಯ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಅವನು ತೀರಿಕೊಂಡನು. ವೈದ್ಯರಾಗಿದ್ದ ಅಣ್ಣ ವಿಲಿಯಂ ಹಚಿನ್ಸನ್ ತಮ್ಮನ ಹೆಸರಿನಲ್ಲಿ ಕಟ್ಟಿದ ಸಂಶೋಧನ ಕೇಂದ್ರ 1975ರಲ್ಲಿ ಆರಂಭವಾಯಿತು.

ಅದೇ 1938ರಲ್ಲಿ, ಇಲ್ಲಿಂದ ಬಹುದೂರದ ಮೆಕ್ಸಿಕೋದಲ್ಲಿ, ಕ್ಯೂಬಾ ದೇಶದ ಮಾರ್ಟಿನ್ ಡಿಹಿಗೋ ಎಂಬಾತ ಪಿಚರನಾಗಿ 18 ಪಂದ್ಯ ಗೆದ್ದು ಎರಡನ್ನು ಮಾತ್ರ ಸೋತು, ಅದೇ ಋತುವಿನಲ್ಲಿ .387ರ ಸರಾಸರಿಯಿಂದ ಲೀಗಿನ ಬ್ಯಾಟಿಂಗ್ ಪ್ರಶಸ್ತಿಯನ್ನೂ ಗೆದ್ದನು. ಅಮೆರಿಕದ ಮೇಜರ್ ಲೀಗಿನ ಬಾಗಿಲು ಅವನಿಗೆ ಮುಚ್ಚಿತ್ತು, ಏಕೆಂದರೆ ಅವನ ಮೈಬಣ್ಣ ಕಪ್ಪು. 1947ರಲ್ಲಿ ಜಾಕಿ ರಾಬಿನ್ಸನ್ ಆ ಬಾಗಿಲನ್ನು ತೆರೆಯುವವರೆಗೆ ಕಪ್ಪು ಜನರು ತಮ್ಮವೇ ಆದ ನೀಗ್ರೋ ಲೀಗುಗಳಲ್ಲಿ ಆಡುತ್ತಿದ್ದರು. ಹಣ ಕಡಿಮೆ, ಪ್ರಯಾಣ ಹೆಚ್ಚು, ಬಸ್ಸಿನಲ್ಲಿ ಹಿಡಿಸುವಷ್ಟೇ ಆಟಗಾರರು. ಅಲ್ಲಿ ಒಬ್ಬನೇ ಎರಡು ಮೂರು ಕೆಲಸ ಮಾಡುವುದು ವಿಶೇಷವೆನಿಸದೆ ನಿತ್ಯದ ಅಗತ್ಯವಾಗಿತ್ತು. ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ಬುಲೆಟ್ ರೋಗನ್ ಸೈನ್ಯದ ತಂಡದಲ್ಲಿ ಆಡಿ ಹೆಸರು ಮಾಡಿ ಬಂದವನು. ತಂಡದ ಮುಖ್ಯ ಪಿಚರನೂ ಅವನೇ, ಎಸೆಯದ ದಿನ ಔಟ್‌ಫೀಲ್ಡಿನಲ್ಲಿ ನಿಂತು ಬ್ಯಾಟಿಂಗ್ ಕ್ರಮದ ನಡುವೆ ದಾಂಡು ಬೀಸುತ್ತಿದ್ದವನೂ ಅವನೇ. ಒಟಾನಿಗೆ ಹೋಲಿಕೆಯನ್ನು ಹುಡುಕುವವರು ರೂತನ ಬಳಿ ನಿಲ್ಲದೆ ರೋಗನ್ ಮತ್ತು ಡಿಹಿಗೋ ಅವರವರೆಗೆ ಬರಬೇಕು. ಏಕೆಂದರೆ ರೂತ್ ಒಂದೆರಡು ವರ್ಷ ಮಾಡಿದ್ದನ್ನು ಇವರು ವರ್ಷಗಟ್ಟಲೆ ಮಾಡಿದರು.

ಆ ಲೋಕದ ಒಂದು ತುಣುಕು ಸಿಯಾಟಲಿನಲ್ಲಿಯೂ ಇತ್ತು. 1946ರಲ್ಲಿ ಪಶ್ಚಿಮ ಕರಾವಳಿಯ ನೀಗ್ರೋ ಲೀಗಿನ ಸಿಯಾಟಲ್ ಸ್ಟೀಲ್‌ಹೆಡ್ಸ್ ತಂಡವು ರೇನಿಯರ್ಸ್ ಊರಿನಲ್ಲಿಲ್ಲದ ದಿನಗಳಲ್ಲಿ, ಹಚಿನ್ಸನ್ ಗೆದ್ದ ಅದೇ ಸಿಕ್ಸ್ ಸ್ಟೇಡಿಯಮ್ಮಿನಲ್ಲಿ ಆಡಿತು. ಲೀಗು ಕೆಲವೇ ವಾರ ಬಾಳಿ ಮುಚ್ಚಿಹೋಯಿತು. ರೋಗನ್‌ನ ಹೆಸರು ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದ್ದು 1998ರಲ್ಲಿ. ನೀಗ್ರೋ ಲೀಗುಗಳ ಅಂಕಿಅಂಶಗಳನ್ನು ಮೇಜರ್ ಲೀಗಿನ ಅಧಿಕೃತ ದಾಖಲೆಗಳಲ್ಲಿ ಸೇರಿಸಿದ್ದು 2024ರಲ್ಲಿ. ಎಂಬತ್ತು ತೊಂಬತ್ತು ವರ್ಷ ಅವರ ಸಾಧನೆ ಲೆಕ್ಕದ ಹೊರಗೆ ಇದ್ದುದರಿಂದಲೇ ‘ರೂತನ ನಂತರ ಯಾರೂ ಇರಲಿಲ್ಲ’ ಎಂಬ ಮಾತು ನಿಜದಂತೆ ತೋರುತ್ತಿತ್ತು.

ಇಲ್ಲಿ ನಮ್ಮ ನಾಡಿನ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಅವರು ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್. ಅಸ್ಪೃಶ್ಯರೆಂದು ಸಮಾಜ ದೂರವಿಟ್ಟಿದ್ದ ಚಮ್ಮಾರ ಸಮುದಾಯದವರು. ಪುಣೆಯ ಇಂಗ್ಲಿಷರ ಕ್ಲಬ್ಬಿನಲ್ಲಿ ಮೈದಾನದ ಕೆಲಸಕ್ಕಿದ್ದ ಅವರಿಂದ ಸಾಹೇಬರು ಗಂಟೆಗಟ್ಟಲೆ ಬೌಲಿಂಗ್ ಮಾಡಿಸಿಕೊಂಡು ತಮ್ಮ ಬ್ಯಾಟಿಂಗನ್ನು ತಿದ್ದಿಕೊಂಡರು. ಆದರೆ ಆ ಮೈದಾನದಲ್ಲಿ ಬಾಲೂ ಅವರ ಕೈಗೆ ಬ್ಯಾಟನ್ನು ಒಮ್ಮೆಯೂ ಕೊಡಲಿಲ್ಲವೆಂದು ಇತಿಹಾಸಕಾರ ರಾಮಚಂದ್ರ ಗುಹಾ ದಾಖಲಿಸಿದ್ದಾರೆ. ಬ್ಯಾಟಿಂಗ್ ಒಡೆಯರದು, ಬೌಲಿಂಗ್ ಆಳುಗಳದು ಎಂಬುದು ಅಂದಿನ ಭಾವನೆ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಲೂ ನೂರಕ್ಕೂ ಮಿಕ್ಕಿ ವಿಕೆಟ್ ಪಡೆದರು. ಅವರ ಕೈಗೆ ಮೊದಲಿನಿಂದಲೂ ಬ್ಯಾಟ್ ಕೊಟ್ಟಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಒಂದು ಸುಳಿವು ಅವರ ಮನೆಯಲ್ಲಿಯೇ ಇದೆ: ಅವರ ತಮ್ಮ ವಿಠಲ್ ಒಳ್ಳೆಯ ಬ್ಯಾಟ್ಸ್‌ಮನ್ ಆಗಿ ಬೆಳೆದು 1923ರಲ್ಲಿ ಹಿಂದೂ ತಂಡದ ನಾಯಕರಾದರು. ಬಾಲೂ ಅವರಿಗೆ ಆ ನಾಯಕತ್ವ ಕೊನೆಯವರೆಗೂ ದೊರೆಯಲಿಲ್ಲ. ಯಾರು ಎಸೆಯಬೇಕು, ಯಾರು ಹೊಡೆಯಬೇಕು ಎಂಬುದು ಸ್ನಾಯುಗಳ ಪ್ರಶ್ನೆ ಮಾತ್ರವಲ್ಲವೆಂಬುದನ್ನು ಧಾರವಾಡದ ಈ ಮಹನೀಯರಿಗಿಂತ ಸ್ಪಷ್ಟವಾಗಿ ಯಾರೂ ತೋರಿಸಲಾರರು.

ಮತ್ತೆ ಅಮೆರಿಕಕ್ಕೆ ಬರೋಣ. 1960ರ ದಶಕದ ಕೊನೆಗೆ ಪಿಚರುಗಳು ಪ್ರಬಲರಾಗಿ ರನ್ನುಗಳು ಬತ್ತಿದವು. ಅಮೆರಿಕನ್ ಲೀಗಿಗೆ ಪ್ರೇಕ್ಷಕರ ಅಭಾವವೂ ಕಾಡಿತು. 1973ರಲ್ಲಿ ಆ ಲೀಗು ಹೊಸ ನಿಯಮವನ್ನು ತಂದಿತು: ಪಿಚರನ ಬದಲಿಗೆ ಬ್ಯಾಟಿಂಗಿಗೆಂದೇ ಒಬ್ಬ ನಿಯೋಜಿತ ದಾಂಡಿಗ. ಅಭ್ಯಾಸದಿಂದ ಆಗಿದ್ದ ವಿಭಜನೆ ಈಗ ಶಾಸನವೇ ಆಯಿತು. 1977ರಲ್ಲಿ ಹುಟ್ಟಿದ ನಮ್ಮ ಸಿಯಾಟಲ್ ಮ್ಯಾರಿನರ್ಸ್ ತಂಡಕ್ಕೆ ಈ ನಿಯಮ ಹುಟ್ಟಿನಿಂದಲೇ ಬಂದದ್ದು. ಅದರಿಂದ ನಮಗೆ ಲಾಭವೂ ಆಯಿತೆಂಬುದನ್ನು ಒಪ್ಪಬೇಕು. 1995ರ ಅಕ್ಟೋಬರಿನಲ್ಲಿ ಯಾಂಕೀಸರ ವಿರುದ್ಧ ಸರಣಿಯನ್ನು ಗೆದ್ದುಕೊಟ್ಟ ಎಡ್ಗರ್ ಮಾರ್ಟಿನೆಜ್ ತನ್ನ ಹೆಚ್ಚಿನ ಕಾಲವನ್ನು ನಿಯೋಜಿತ ದಾಂಡಿಗನಾಗಿಯೇ ಕಳೆದವನು. 2019ರಲ್ಲಿ ಹಾಲ್ ಆಫ್ ಫೇಮ್ ಸೇರಿದವನು. ಒಂದೇ ವಿದ್ಯೆಯಲ್ಲಿ ಪರಿಪೂರ್ಣತೆಯನ್ನು ಸಾಧಿಸುವುದು ಸಣ್ಣ ಮಾತಲ್ಲ. ನಾವು ಹೇಳುವುದಿಷ್ಟೆ: ಆ ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿತು, ಮತ್ತು ಮುಚ್ಚಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಮುಚ್ಚದೆ ಉಳಿದ ಜಾಗವೊಂದಿತ್ತು. ಅದು ಮಕ್ಕಳ ಆಟ. 1982ರ ಆಗಸ್ಟ್ 28ರಂದು ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ ನಡೆದ ಲಿಟ್ಲ್ ಲೀಗ್ ವಿಶ್ವ ಸರಣಿಯ ಅಂತಿಮ ಪಂದ್ಯದಲ್ಲಿ, ರೆಡ್ಮಂಡಿನ ಪಕ್ಕದ ಕರ್ಕ್‌ಲ್ಯಾಂಡ್ ಊರಿನ ಬಾಲಕರು 31 ಪಂದ್ಯಗಳಿಂದ ಆ ಸರಣಿಯಲ್ಲಿ ಸೋಲನ್ನೇ ಕಾಣದಿದ್ದ ತೈವಾನಿನವರನ್ನು 6-0ರಿಂದ ಸೋಲಿಸಿದರು. ಕರ್ಕ್‌ಲ್ಯಾಂಡಿನ ಪಿಚರ್ ಹನ್ನೆರಡು ವರ್ಷದ ಕೋಡಿ ವೆಬ್‌ಸ್ಟರ್. ಒಂದು ರನ್ನನ್ನೂ ಬಿಟ್ಟುಕೊಡದವನು ಅವನೇ. ಚೆಂಡನ್ನು ಬೇಲಿಯಾಚೆ ಬಹುದೂರ ಹೊಡೆದವನೂ ಅವನೇ. ಹನ್ನೆರಡರ ವಯಸ್ಸಿನಲ್ಲಿ ಇದು ಸಹಜ. ತಂಡದಲ್ಲಿ ಯಾವನು ಬಲಿಷ್ಠನೋ ಅವನು ಎಲ್ಲವನ್ನೂ ಮಾಡುತ್ತಾನೆ. ಆದರೆ ಆ ಕಥೆಗೆ ಉತ್ತರಾರ್ಧವೂ ಇದೆ. ಊರೂರೇ ಅವನ ಮೇಲೆ ಹೊರಿಸಿದ ನಿರೀಕ್ಷೆಯ ಭಾರ, ಎದುರು ತಂಡದ ಹಿರಿಯರ ಮೂದಲಿಕೆ ಇವೆರಡೂ ಸೇರಿ ಹುಡುಗನಿಗೆ ಆಟದ ಮೇಲಿನ ಪ್ರೀತಿಯನ್ನೇ ಕುಂದಿಸಿದವು. ಅವನು ವೃತ್ತಿಪರ ಆಟದ ಕಡೆಗೆ ಹೋಗಲಿಲ್ಲ. 2010ರ ‘ಲಿಟ್ಲ್ ಬಿಗ್ ಮೆನ್’ ಎಂಬ ಸಾಕ್ಷ್ಯಚಿತ್ರ ಇದನ್ನು ತೋರಿಸುತ್ತದೆ. ಮಕ್ಕಳನ್ನು ಬೆಳೆಸುತ್ತಿರುವ ನಾವೆಲ್ಲ ಒಮ್ಮೆ ನೋಡಬೇಕಾದ ಚಿತ್ರವದು.

ಇನ್ನು ಒಟಾನಿ. ಜಪಾನಿನ ಇವಾಟೆ ಪ್ರಾಂತದ ಈ ಹುಡುಗ 2012ರಲ್ಲಿ ಹೈಸ್ಕೂಲು ಮುಗಿಸಿದಾಗ ನೇರವಾಗಿ ಅಮೆರಿಕಕ್ಕೆ ಹೋಗುವೆನೆಂದನು. ಅಮೆರಿಕದ ತಂಡಗಳಿಗೆ ಬೇಕಿದ್ದುದು ಪಿಚರ್. ಹೊಕ್ಕೈಡೋದ ನಿಪ್ಪಾನ್ ಹ್ಯಾಮ್ ಫೈಟರ್ಸ್ ತಂಡದವರು ಬೇರೊಂದು ಮಾತನ್ನು ಮುಂದಿಟ್ಟರು: ನಮ್ಮಲ್ಲಿ ಎಸೆಯಲೂಬಹುದು, ಹೊಡೆಯಲೂಬಹುದು. ಅವನು ಅಲ್ಲಿಯೇ ಉಳಿದನು. 2016ರಲ್ಲಿ ಪಿಚರನಾಗಿ 10 ಗೆಲುವು, ದಾಂಡಿಗನಾಗಿ 22 ಹೋಮ್ ರನ್. ತಂಡಕ್ಕೆ ಜಪಾನ್ ಸರಣಿಯ ಪಟ್ಟ. 2017ರಲ್ಲಿ ಅವನು ಅಮೆರಿಕದ ತಂಡವನ್ನು ಆರಿಸಿಕೊಳ್ಳುವಾಗ ಕೊನೆಯ ಏಳರಲ್ಲಿ ಮ್ಯಾರಿನರ್ಸ್ ಸಹ ಒಂದಾಗಿತ್ತು. ಅವನು ಲಾಸ್ ಏಂಜಲಿಸ್ ಏಂಜಲ್ಸ್ ತಂಡಕ್ಕೆ ಹೋದನು. 2018ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಎರಡು ವರ್ಷ ‘ನಾವು ಮೊದಲೇ ಹೇಳಿರಲಿಲ್ಲವೇ’ ಎಂದು ತಲೆಯಾಡಿಸಿದವರು ಬಹಳ. 2021ರಲ್ಲಿ ಏಂಜಲ್ಸ್ ತಂಡ ಅವನ ಮೇಲಿನ ನಿರ್ಬಂಧಗಳನ್ನು ತೆಗೆದು, ಎಸೆಯುವ ದಿನವೂ ದಾಂಡು ಹಿಡಿಯಲು ಬಿಟ್ಟಿತು: 46 ಹೋಮ್ ರನ್, ಪಿಚರನಾಗಿ 9 ಗೆಲುವು, ಸರ್ವಾನುಮತದಿಂದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ. ಮರುವರ್ಷ 34 ಹೋಮ್ ರನ್, 15 ಗೆಲುವು.

ಆಗ ನಡೆದ ಒಂದು ಸಂಗತಿ ನಮ್ಮ ವಾದಕ್ಕೆ ಮುಖ್ಯವಾದುದು. 2022ರಲ್ಲಿ ನಿಯೋಜಿತ ದಾಂಡಿಗನ ನಿಯಮ ಎರಡೂ ಲೀಗುಗಳಿಗೆ ವ್ಯಾಪಿಸಿತು. ಅದೇ ವರ್ಷ ಆ ನಿಯಮಕ್ಕೆ ತಿದ್ದುಪಡಿಯೂ ಬಂದಿತು: ಪಂದ್ಯವನ್ನು ಆರಂಭಿಸುವ ಪಿಚರನೇ ನಿಯೋಜಿತ ದಾಂಡಿಗನೂ ಆಗಿದ್ದರೆ, ಎಸೆತ ಮುಗಿಸಿ ಇಳಿದ ಮೇಲೂ ಅವನು ಬ್ಯಾಟಿಂಗ್ ಮುಂದುವರಿಸಬಹುದು. ಜನ ಅದನ್ನು ಒಟಾನಿ ನಿಯಮವೆಂದೇ ಕರೆದರು. ಒಬ್ಬ ಮನುಷ್ಯನನ್ನು ಎರಡು ತುಂಡು ಮಾಡಿದ್ದ ನಿಯಮ, ಒಬ್ಬ ಮನುಷ್ಯನಿಗಾಗಿ ಮತ್ತೆ ಹೊಲಿಗೆ ಹಾಕಿಸಿಕೊಂಡಿತು. 2023ರ ಜುಲೈ 11ರಂದು ಸಿಯಾಟಲಿನ ಟಿ-ಮೊಬೈಲ್ ಪಾರ್ಕಿನಲ್ಲಿ ನಡೆದ ಆಲ್‌ಸ್ಟಾರ್ ಪಂದ್ಯದಲ್ಲಿ ಅವನು ದಾಂಡು ಹಿಡಿದು ಬಂದಾಗ ಪ್ರೇಕ್ಷಕರೆಲ್ಲ ಒಕ್ಕೊರಲಿನಿಂದ ‘ಸಿಯಾಟಲಿಗೆ ಬಾ’ ಎಂದು ಕೂಗಿದ್ದನ್ನು ಅಲ್ಲಿದ್ದವರೂ ದೂರದರ್ಶನದಲ್ಲಿ ನೋಡಿದವರೂ ಬಲ್ಲರು. ಅವನು ಬರಲಿಲ್ಲ, ಅದು ಬೇರೆ ಮಾತು! ಅದೇ ಸೆಪ್ಟೆಂಬರಿನಲ್ಲಿ ಮೊಣಕೈಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ. 2024ರಲ್ಲಿ ಡಾಡ್ಜರ್ಸ್ ತಂಡದಲ್ಲಿ ದಾಂಡಿಗನಾಗಿ ಮಾತ್ರ ಆಡಿ 54 ಹೋಮ್ ರನ್ ಹೊಡೆದನು. 2025ರ ಜೂನಿನಲ್ಲಿ ಮತ್ತೆ ಎಸೆಯತೊಡಗಿ, ಅಕ್ಟೋಬರ್ 17ರಂದು ಮಿಲ್ವಾಕಿ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಹತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ ಮೂರು ಹೋಮ್ ರನ್ ಹೊಡೆದನು. ಬೇಸ್‌ಬಾಲಿನ ಸುದೀರ್ಘ ಚರಿತ್ರೆಯಲ್ಲಿ ಅಂಥ ಇನ್ನೊಂದು ದಿನವನ್ನು ಹುಡುಕುವುದು ಕಷ್ಟ.

ಒಟಾನಿ ಅಸಾಮಾನ್ಯನೆಂಬುದರಲ್ಲಿ ಸಂದೇಹವಿಲ್ಲ. ಎರಡು ಶಸ್ತ್ರಚಿಕಿತ್ಸೆಗಳು ಆ ದಾರಿಗೆ ತೆರಬೇಕಾದ ಬೆಲೆಯನ್ನೂ ತೋರಿಸುತ್ತವೆ. ಆದರೆ ಅವನ ಹಿಂದೆ ರೋಗನ್, ಡಿಹಿಗೋ, ಹಚಿನ್ಸನ್ ಇದ್ದಾರೆ. ಇವರೆಲ್ಲರನ್ನೂ ಒಟ್ಟಿಗೆ ನೋಡಿದರೆ ಒಂದು ಕ್ರಮ ಕಾಣುತ್ತದೆ. ಯುದ್ಧದಿಂದ ಜನ ಕಡಿಮೆಯಾದಾಗ, ಬಡತನದಿಂದ ತಂಡ ಚಿಕ್ಕದಾದಾಗ, ಮಕ್ಕಳ ಆಟದಲ್ಲಿ, ಇಲ್ಲವೇ ಹದಿನೆಂಟರ ಹುಡುಗನೊಬ್ಬನಿಗೆ ಎರಡನ್ನೂ ಮಾಡಲು ಒಂದು ತಂಡ ಅವಕಾಶ ಕೊಟ್ಟಾಗ ಸವ್ಯಸಾಚಿಗಳು ಕಾಣಿಸಿಕೊಂಡಿದ್ದಾರೆ. ಅವಕಾಶವಿಲ್ಲದ ಕಡೆ ಅವರು ಹುಟ್ಟಲಿಲ್ಲವೆಂದಲ್ಲ. ಹುಟ್ಟಿದವರು ಅರ್ಧವಾಗಿ ಬೆಳೆದರು.

ಈ ಕಥೆ ಈಗ ನಮ್ಮ ಕ್ರಿಕೆಟ್ಟಿನ ಬಾಗಿಲಿಗೂ ಬಂದಿದೆ. 2023ರಲ್ಲಿ ಐಪಿಎಲ್ ಪಂದ್ಯಾವಳಿ ಇಂಪ್ಯಾಕ್ಟ್ ಪ್ಲೇಯರ್ ಎಂಬ ನಿಯಮವನ್ನು ತಂದಿತು. ಪಂದ್ಯದ ನಡುವೆ ಒಬ್ಬ ಬ್ಯಾಟ್ಸ್‌ಮನ್ನನ್ನು ಇಳಿಸಿ ಅವನ ಬದಲಿಗೆ ಬೌಲರನನ್ನೋ, ಬೌಲರನ ಬದಲಿಗೆ ಬ್ಯಾಟ್ಸ್‌ಮನ್ನನ್ನೋ ಕಣಕ್ಕೆ ತರಬಹುದು. ಎರಡೂ ಬಲ್ಲ ಒಬ್ಬನ ಅಗತ್ಯವೇನು? ಆಲ್‌ರೌಂಡರುಗಳ ಬೆಳವಣಿಗೆಗೆ ಇದರಿಂದ ಹಿನ್ನಡೆಯಾಗುತ್ತದೆಂದು ಭಾರತದ ನಾಯಕರಾಗಿದ್ದ ರೋಹಿತ್ ಶರ್ಮ 2024ರಲ್ಲಿ ಬಹಿರಂಗವಾಗಿಯೇ ಹೇಳಿದರು. ಅಮೆರಿಕನ್ ಲೀಗು 1973ರಲ್ಲಿ ಹಿಡಿದ ದಾರಿಯನ್ನೇ ಐವತ್ತು ವರ್ಷಗಳ ನಂತರ ನಮ್ಮವರು ಹಿಡಿದಂತಾಯಿತು. ಮುಂದಿನ ರೋಜರ್ ಬಿನ್ನಿ ಚಿಕ್ಕಮಗಳೂರಿನಲ್ಲೋ ಧಾರವಾಡದಲ್ಲೋ ಇಂದು ಆಡುತ್ತಿದ್ದರೆ, ಅವನಿಗೆ ಯಾರಾದರೂ ‘ಒಂದನ್ನು ಆರಿಸಿಕೋ’ ಎನ್ನುವ ಮೊದಲು ನಾವು ಯೋಚಿಸಬೇಕು.

ಈ ಸಭೆಯಲ್ಲಿರುವ ತಂದೆತಾಯಿಯರಿಗೆ ಇದು ಆಟದ ಮಾತಾಗಿ ಮಾತ್ರ ಕೇಳಿಸದೆಂದು ನಮ್ಮ ನಂಬಿಕೆ. ಹತ್ತು ಹನ್ನೆರಡು ವರ್ಷಕ್ಕೇ ಮಕ್ಕಳಿಗೆ ಒಂದೇ ದಾರಿಯನ್ನು ಗೊತ್ತುಪಡಿಸುವ ಒತ್ತಡ ಈ ನಾಡಿನಲ್ಲಿ ನಮ್ಮ ಮೇಲೂ ಇದೆ. ಗಣಿತವಾದರೆ ಗಣಿತ, ಈಜಾದರೆ ಈಜು. ಶನಿವಾರದ ಕನ್ನಡ ತರಗತಿಗೆ ಸಮಯವಿಲ್ಲ ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಎರಡು ಭಾಷೆ ಒಂದೇ ನಾಲಗೆಯಲ್ಲಿ ನಿಲ್ಲವು ಎಂದು ಹೇಳುವವರೂ ಇದ್ದಾರೆ. ಬೇಸ್‌ಬಾಲಿನ ಚರಿತ್ರೆಯನ್ನು ಓದಿದವರು ಅಂಥ ಮಾತನ್ನು ಸುಲಭವಾಗಿ ನಂಬಲಾರರು. ವೆಬ್‌ಸ್ಟರ್‌ನ ಕಥೆಯನ್ನು ಮರೆಯದೆ, ಮಕ್ಕಳ ಮೇಲೆ ಎರಡು ಪಟ್ಟು ಭಾರ ಹೊರಿಸದೆ, ಎರಡು ಬಾಗಿಲುಗಳನ್ನೂ ತೆರೆದಿಟ್ಟುಕೊಳ್ಳುವುದು ನಮ್ಮ ಕೈಯಲ್ಲಿದೆ. ಯಾವುದನ್ನು ಯಾವಾಗ ಮುಚ್ಚಬೇಕೆಂಬುದನ್ನು ಅವರೇ ದೊಡ್ಡವರಾಗಿ ನಿರ್ಧರಿಸಲಿ.